ಏಳು ತಂತಿಯ ಚೌಡಯ್ಯ

ಕಾರವಾರ, ಅಂಕೋಲಾ ಕಡೆಯ ನಮಗೆ ಹಾರ್ಮೋನಿಯಂ ಪರಿಚಯವಿದ್ದಷ್ಟು ಪಿಟೀಲು ಇಲ್ಲ. ಆದರೂ ಪಿಟೀಲು ಚೌಡಯ್ಯನವರ ಹೆಸರು ಕೇಳದವರು ಕಡಿಮೆ.

1895ರಲ್ಲಿ ಮೈಸೂರು ಸೀಮೆಯ ತಿರುಮಕೂಡಲಿನಲ್ಲಿ ಹುಟ್ಟಿದ ಟಿ. ಚೌಡಯ್ಯ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ವರ್ಷಗಟ್ಟಲೆ ಗುರುಕುಲವಾಸ ಮಾಡಿ ಕಲಿತರು. ಆಗ ಕಛೇರಿಗಳಲ್ಲಿ ಮೈಕ್ ಇರಲಿಲ್ಲ. ಗಾಯಕರ ತುಂಬುಕಂಠದ ಎದುರು ಪಿಟೀಲಿನ ದನಿ ಹಿಂದೆ ಕುಳಿತವರಿಗೆ ಮುಟ್ಟುತ್ತಿರಲಿಲ್ಲ. ಪಕ್ಕವಾದ್ಯದವರಿಗೆ ಇದಕ್ಕಿಂತ ಸಂಕಟ ಇನ್ನೇನು?

ಪಿಟೀಲು ಇಟಲಿಯ ಕುಶಲಕರ್ಮಿಗಳು ಹದಕ್ಕೆ ತಂದ ವಾದ್ಯ. 1737ರಲ್ಲಿ ತೀರಿಕೊಂಡ ಕ್ರೆಮೋನಾದ ಸ್ಟ್ರಾಡಿವರಿಯಂಥವರು ಸ್ಪ್ರೂಸ್, ಮೇಪಲ್ ಮರಗಳನ್ನು ತೆಳುವಾಗಿ ಕೆತ್ತಿ ಅದನ್ನು ಮಾಡುತ್ತಿದ್ದರು. ತಂತಿ ನಾಲ್ಕೇ. ಚೌಡಯ್ಯನವರು 1927ರ ಸುಮಾರಿಗೆ ಇನ್ನೂ ಮೂರು ಸೇರಿಸಿದರು. ಹೇಳಿದಷ್ಟು ಸುಲಭವಲ್ಲ. ತಂತಿ ಹೆಚ್ಚಿದಷ್ಟೂ ಕುದುರೆಯ ಮೇಲೆ, ಅದರಡಿಯ ತೆಳು ಹಲಗೆಯ ಮೇಲೆ ಒತ್ತಡ ಹೆಚ್ಚು (ವಿಜ್ಞಾನ ವಿಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ). ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ಸಾಧನೆಯಿಂದ ಅದನ್ನು ಕೈವಶ ಮಾಡಿಕೊಂಡರು. ದನಿ ಕೊನೆಯ ಸಾಲಿಗೂ ಕೇಳಿತು.

1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ನೀಡಿತು. 1967ರಲ್ಲಿ ತೀರಿಕೊಂಡರು. ಬೆಂಗಳೂರಿಗೆ ಹೋದವರು ವೈಯಾಲಿಕಾವಲಿನ ಚೌಡಯ್ಯ ಸ್ಮಾರಕ ಭವನ ನೋಡಿ ಬನ್ನಿ. ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ, ಏಳು ತಂತಿಯದು.