ಕಾರ್ಯವಿಧಾನದ ಶಿಲ್ಪಿ ಸರ್ ಎಂ. ವಿಶ್ವೇಶ್ವರಯ್ಯ

ಕನ್ನಂಬಾಡಿಯ ಕಟ್ಟೆಯನ್ನು ಕಂಡವರೆಲ್ಲರೂ ವಿಶ್ವೇಶ್ವರಯ್ಯನವರನ್ನು ನೆನೆಯುತ್ತಾರೆ. ಆದರೆ ಕಲ್ಲು ಗಾರೆಗಳ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಕಟ್ಟಡವಿದೆ. ಅದು ಕೆಲಸವನ್ನು ಮೊದಲೇ ಯೋಚಿಸಿ, ಹಂಚಿ, ಕಾಲಕಾಲಕ್ಕೆ ಪರೀಕ್ಷಿಸಿ ಮುಗಿಸುವ ಶಿಸ್ತು. ಆ ಮಹನೀಯರ ಜೀವನವನ್ನು ಈ ದೃಷ್ಟಿಯಿಂದ ನೋಡುವುದು ವಿದ್ಯಾರ್ಥಿಗಳಾದ ನಮಗೆ ಉಪಯುಕ್ತವಾದೀತು.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ವ್ಯಾಸಂಗ ನಡೆಸಿದರು. ಪುಣೆಯಲ್ಲಿ ಇಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಅಲ್ಲಿ ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಸರದಿಯ ಮೇಲೆ ಬೆಳೆ ಬೆಳೆಯಿಸಿ, ಕಾಲುವೆಯ ನೀರು ಹೆಚ್ಚು ಹಳ್ಳಿಗಳಿಗೆ ಮುಟ್ಟುವ ಕ್ರಮವನ್ನು ರೂಪಿಸಿದರು. ನೀರು ಹೆಚ್ಚಲಿಲ್ಲ, ವ್ಯವಸ್ಥೆ ಸುಧಾರಿಸಿತು.

1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಬಂದರು. 1911ರಲ್ಲಿ ಸಂಪದಭ್ಯುದಯ ಸಮಾಜವು ಸ್ಥಾಪನೆಯಾಯಿತು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ವಾಣಿಜ್ಯಗಳಿಗೆ ಬೇರೆ ಬೇರೆ ಸಮಿತಿಗಳು. ಅವುಗಳ ಕೆಳಗೆ ಜಿಲ್ಲೆ ತಾಲ್ಲೂಕುಗಳ ಸಮಿತಿಗಳು. ರಾಜಧಾನಿಯ ಆಲೋಚನೆ ಹಳ್ಳಿಗೆ ಇಳಿಯಲೂ ಹಳ್ಳಿಯ ವರದಿ ರಾಜಧಾನಿಗೆ ಏರಲೂ ಹೀಗೆ ಮೆಟ್ಟಿಲುಗಳಾದವು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೂ ಪ್ರೇರಣೆ ಈ ಸಮಾಜದಿಂದಲೇ ಬಂದಿತು. 1912ರಲ್ಲಿ ದಿವಾನರಾದ ಮೇಲೆ ಕಚೇರಿಗಳ ಕಾರ್ಯದಕ್ಷತೆಯನ್ನು ತನಿಖೆಮಾಡುವ ಏರ್ಪಾಡನ್ನೂ ಮಾಡಿದರು. ಹಣದ ಲೆಕ್ಕದಂತೆ ಕೆಲಸಕ್ಕೂ ಲೆಕ್ಕವುಂಟೆಂಬುದು ಗುಮಾಸ್ತರಿಗೆ ಹೊಸ ಪಾಠವಾಯಿತು.

ಕನ್ನಂಬಾಡಿಯ ಕೆಲಸ 1911ರಲ್ಲಿ ಆರಂಭವಾಯಿತು. ಮದರಾಸು ಸರ್ಕಾರದ ಆಕ್ಷೇಪದಿಂದ ಮೊದಲು ತಗ್ಗಾದ ಕಟ್ಟೆಗೆ ಮಾತ್ರ ಒಪ್ಪಿಗೆ ದೊರೆಯಿತು. ಆದರೂ ತಳಪಾಯವನ್ನು ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಹಾಕಿಸಿದರು. ಇದರಿಂದ ವಿವಾದ ಬೆಳೆದು 1924ರ ಒಪ್ಪಂದದವರೆಗೂ ನಡೆಯಿತು. ಮುಂದಾಲೋಚನೆಗೆ ಬೆಲೆ ತೆರಬೇಕಾಗುತ್ತದೆ.

ಅವರ ವ್ಯವಸ್ಥೆಗೆ ಒಂದು ಮಿತಿಯೂ ಇದ್ದಿತು. ಸರ್ಕಾರದ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಹೆಚ್ಚಿನ ಅವಕಾಶ ಬೇಕೆಂಬ ಕೂಗು ಎದ್ದಾಗ, ಯೋಗ್ಯತೆಯೊಂದೇ ಅಳತೆಗೋಲಾಗಬೇಕೆಂದು ಅವರು ನಂಬಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಅಭಿಪ್ರಾಯ ಬೇರೆಯಾಗಿದ್ದಿತು. ಮಿಲ್ಲರ್ ಸಮಿತಿಯು ನೇಮಕವಾದ 1918ರಲ್ಲಿಯೇ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟರು. ಕಚೇರಿ ಹೇಗೆ ನಡೆಯಬೇಕೆಂದು ತೋರಿಸಿದವರಿಗೆ, ಅಲ್ಲಿ ಯಾರು ಕುಳಿತುಕೊಳ್ಳಬೇಕೆಂಬ ಪ್ರಶ್ನೆಯ ತೀವ್ರತೆ ಪೂರ್ಣವಾಗಿ ಹೊಳೆಯಲಿಲ್ಲವೆಂದೇ ನಮಗನಿಸುತ್ತದೆ.

ಅವರು ಹೋದರೂ ಕೆಲಸ ನಿಲ್ಲಲಿಲ್ಲ. ಅನಂತರದ ದಿವಾನರ ಕಾಲದಲ್ಲಿ ಕಟ್ಟೆ ಪೂರ್ಣವಾಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ 1923ರಲ್ಲಿ ಅದರ ಹೊಣೆ ಹೊತ್ತು, 1929ರವರೆಗೆ ದುಡಿದು ಅದನ್ನು ನೆಲೆಗೆ ತಂದರು. ವಿದೇಶಿ ತಜ್ಞರ ಸ್ಥಾನಗಳಿಗೆ ನಮ್ಮವರನ್ನು ತರಬೇತುಗೊಳಿಸಿದರು. 1934ರಲ್ಲಿ ಇಡೀ ಭಾರತಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆಯನ್ನು ಸೂಚಿಸುವ ಗ್ರಂಥವನ್ನು ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾಗಿ, ನೂರು ವರ್ಷ ದಾಟಿ, 1962ರಲ್ಲಿ ಕಾಲವಾದರು.

ಒಬ್ಬನ ಉತ್ಸಾಹದಿಂದ ಹೊರಟ ಕೆಲಸ ಅವನೊಡನೆಯೇ ಮುಗಿಯುವುದನ್ನು ನಮ್ಮ ಕಾಲೇಜಿನ ಸಂಘಗಳಲ್ಲಿಯೇ ಕಾಣುತ್ತೇವೆ. ಕಾರ್ಯದರ್ಶಿ ಬದಲಾದರೆ ಕಡತವೂ ಕಾಣೆಯಾಗುತ್ತದೆ. ತಾನಿಲ್ಲದಾಗಲೂ ನಡೆಯುವಂತೆ ಕೆಲಸವನ್ನು ಅಣಿಗೊಳಿಸುವುದೇ ನಿಜವಾದ ನಿರ್ಮಾಣವೆಂಬುದನ್ನು ಅವರ ಬಾಳು ನಮಗೆ ಕಲಿಸಲಿ.