ಪ್ರತಿರಾತ್ರಿಯ ಲೆಕ್ಕ

1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗನ್ನೇರಿ ಬ್ಯಾರಿಸ್ಟರ್ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಟಾಗ ಮೋಹನದಾಸ ಕರಮಚಂದ ಗಾಂಧಿಯವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ತಂದೆಯವರು 1885ರಲ್ಲಿಯೇ ಕಾಲವಾಗಿದ್ದರು. ವಿದ್ಯಾಭ್ಯಾಸದ ವೆಚ್ಚದ ಹೊಣೆ ಹಿರಿಯಣ್ಣ ಲಕ್ಷ್ಮೀದಾಸರ ಮೇಲೆ ಬಿದ್ದಿತ್ತು.

ಲಂಡನ್ ನಗರದ ಬೆಡಗು ಮೊದಮೊದಲು ಈ ತರುಣನನ್ನೂ ಮರುಳುಗೊಳಿಸಿತು. ಹತ್ತು ಪೌಂಡ್ ತೆತ್ತು ಸಂಜೆಯ ಉಡುಪನ್ನು ಹೊಲಿಸಿದ್ದಾಯಿತು. ಅಣ್ಣನಿಂದ ಗಡಿಯಾರಕ್ಕೆ ಚಿನ್ನದ ಸರಪಳಿಯನ್ನು ತರಿಸಿಕೊಂಡದ್ದಾಯಿತು. ನೃತ್ಯ, ಪಿಟೀಲುಗಳ ಪಾಠವೂ ಆಯಿತು. ಸುಮಾರು ಮೂರು ತಿಂಗಳಲ್ಲಿ ಈ ಮೋಹ ಇಳಿಯಿತು. ಆದರೆ ಆ ದಿನಗಳಲ್ಲಿಯೂ ಒಂದು ನಿಯಮವನ್ನು ಅವರು ಬಿಡಲಿಲ್ಲ. ಬಂಡಿಯ ಬಾಡಿಗೆಯಾಗಲಿ, ವೃತ್ತಪತ್ರಿಕೆಗೆ ಕೊಟ್ಟ ಎರಡು ಕಾಸಾಗಲಿ, ಖರ್ಚಾದುದೆಲ್ಲವನ್ನೂ ಬರೆದಿಟ್ಟು, ಪ್ರತಿರಾತ್ರಿ ಮಲಗುವ ಮುನ್ನ ಉಳಿಕೆಯನ್ನು ತಾಳೆ ನೋಡುತ್ತಿದ್ದರು.

ಆ ಲೆಕ್ಕದ ಪುಸ್ತಕವೇ ಅವರ ಕಣ್ತೆರೆಸಿತು. ಬಂಡಿಯ ಬಾಡಿಗೆಗೂ, ವಸತಿಯಿದ್ದ ಮನೆಗೆ ವಾರವಾರ ತೆರುವುದಕ್ಕೂ ಎಷ್ಟು ಹಣ ಹೋಗುತ್ತಿದೆಯೆಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ವೆಚ್ಚವನ್ನು ಅರ್ಧಕ್ಕೆ ಇಳಿಸಬೇಕೆಂದು ನಿಶ್ಚಯಿಸಿ, ಹೋಗಬೇಕಾದ ಸ್ಥಳಕ್ಕೆ ಅರ್ಧ ಗಂಟೆಯಲ್ಲಿ ನಡೆದು ತಲುಪಬಹುದಾದಲ್ಲಿ ಬೇರೆ ಕೋಣೆ ಹಿಡಿದರು. ಇದರಿಂದ ದಿನಕ್ಕೆ ಎಂಟು-ಹತ್ತು ಮೈಲಿಗಳ ನಡಿಗೆ ತಾನಾಗಿಯೇ ರೂಢಿಯಾಯಿತು. ಬಾಡಿಗೆ ಉಳಿಯಿತು, ದೇಹವೂ ಗಟ್ಟಿಯಾಯಿತು. ಮುಂದೆ ಒಂದೇ ಕೋಣೆಗೆ ಇಳಿದು, ಬೆಳಗಿನ ಓಟ್ಸ್ ಗಂಜಿಯನ್ನೂ ರಾತ್ರಿಯ ಕೋಕೋವನ್ನೂ ತಾವೇ ಕಾಯಿಸಿಕೊಂಡರು. ಸರಳ ಜೀವನದಿಂದ ಓದಿಗೆ ಸಮಯವೂ ದೊರೆಯಿತು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆದರು.

ವಿದ್ಯಾರ್ಥಿದೆಶೆಯ ಈ ಅಭ್ಯಾಸಗಳ ಫಲ ಮುಂದೆ ಕಂಡುಬಂದಿತು. 1894ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ಸಿನ ಕಾರ್ಯದರ್ಶಿಯಾದಾಗ, ಬಂದ ಪ್ರತಿಯೊಂದು ವಂತಿಗೆಗೂ ರಶೀದಿ ಕೊಟ್ಟು, ಜಮಾ-ಖರ್ಚನ್ನು ಚೊಕ್ಕಟವಾಗಿ ಇರಿಸಿದರು. ತಾವು ನಡೆಸಿದ ಚಳವಳಿಗಳಲ್ಲಿ ಲಕ್ಷಗಟ್ಟಲೆ ಸಾರ್ವಜನಿಕ ಹಣ ಕೈಯಲ್ಲಿ ಹಾದುಹೋದರೂ ಸಾಲ ಉಳಿಯಲಿಲ್ಲವೆಂಬುದಕ್ಕೆ, ಆ ಹಳೆಯ ಅಭ್ಯಾಸವೇ ಕಾರಣವೆಂದು ಅವರು ತಮ್ಮ ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಲಂಡನ್ನಿನ ಬೀದಿಗಳಲ್ಲಿ ನಡಿಗೆಯನ್ನು ರೂಢಿಸಿಕೊಂಡಿದ್ದ ಅವರು 1930ರಲ್ಲಿ, ತಮ್ಮ ಅರವತ್ತರ ವಯಸ್ಸಿನಲ್ಲಿ, ಸಾಬರಮತಿಯಿಂದ ದಾಂಡಿಯವರೆಗೆ ಸುಮಾರು 240 ಮೈಲಿ ನಡೆದರು.

ಮನೆಯಿಂದ ದೂರವಿದ್ದು ಓದುವ ಮಕ್ಕಳ ಕೈಯಲ್ಲಿ ಇರುವುದು ಹೆತ್ತವರ, ಒಡಹುಟ್ಟಿದವರ ಬೆವರಿನ ಹಣ. ಮಲಗುವ ಮುನ್ನ ಅದರ ಲೆಕ್ಕ ಬರೆಯಲು ಐದು ನಿಮಿಷ ಸಾಕು. ತರುಣ ಗಾಂಧಿಯವರೂ ಆಸೆಗೆ ಒಳಗಾದರು, ತಪ್ಪು ಖರ್ಚನ್ನೂ ಮಾಡಿದರು. ಆದರೆ ಅದನ್ನು ಬರೆಯದೆ ಬಿಡಲಿಲ್ಲ. ತಿದ್ದಿಕೊಳ್ಳುವ ದಾರಿ ದೊರೆತದ್ದು ಅದರಿಂದಲೇ.