ಗುರುಗಳಿಗೂ ಗುರುವಾಗಿದ್ದ ಪಂಜೆ ಮಂಗೇಶರಾಯರು

ಸಾಲಗಾಮೆ (ಹಾಸನ): ಶಿಕ್ಷಕ ತರಬೇತಿ ಮುಗಿಸಿದ ಯುವಕ ಯುವತಿಯರಲ್ಲಿ ಬಹುಪಾಲು ಮಂದಿ ಮೊದಲ ದಿನ ಕಾಲಿಡುವುದು ಸಾಲಗಾಮೆಯಂತಹ ಹೋಬಳಿಗಳ ಹಳ್ಳಿ ಶಾಲೆಗಳಿಗೆ. ಕೈಯಲ್ಲಿ ಪ್ರಮಾಣಪತ್ರವಿರುತ್ತದೆ. ತರಬೇತಿಯ ದಿನಗಳಲ್ಲಿ ಬರೆದ ಪಾಠಯೋಜನೆಯ ದಪ್ಪ ಪುಸ್ತಕವೂ ಇರುತ್ತದೆ. ಆದರೆ ಎದುರಿಗೆ ಒಂದೇ ಕೊಠಡಿಯಲ್ಲಿ ಒಂದು, ಎರಡು ಹಾಗೂ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಒಬ್ಬ ಅಳುತ್ತಿರುತ್ತಾನೆ, ಇನ್ನೊಬ್ಬಳಿಗೆ ಶಾಲೆಯ ಕನ್ನಡ ಇನ್ನೂ ಕಿವಿಗೆ ಹೊಸದು. ತರಬೇತಿ ಪಡೆದ ಮಾತ್ರಕ್ಕೆ ತರಗತಿಗೆ ಸಿದ್ಧರಾದಂತೆಯೇ ಎಂಬ ಪ್ರಶ್ನೆ ಏಳುವುದು ಇಂತಹ ಗಳಿಗೆಯಲ್ಲಿ.

ಈ ಪ್ರಶ್ನೆ ಇಂದಿನದಲ್ಲ. ನೂರು ವರ್ಷಗಳ ಹಿಂದೆ ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಯಾಗಿ, ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿ ಮೂರು ಕಡೆಯಿಂದಲೂ ಇದನ್ನು ಎದುರಿಸಿದವರು ಪಂಜೆ ಮಂಗೇಶರಾಯರು. ಮಕ್ಕಳ ಕವಿಯೆಂದು ನಾಡು ಅವರನ್ನು ಬಲ್ಲದು. ಆದರೆ ಅವರ ಹಾಡು, ಕಥೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಶಾಲೆಯ ಕೊಠಡಿಯ ಅಗತ್ಯದಿಂದ ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ.

ಬಂಟ್ವಾಳದ ಬಾಲ್ಯ

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರುವರಿ 22ರಂದು, ಇಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳದಲ್ಲಿ. ತಂದೆ ರಾಮಪ್ಪಯ್ಯ. ಪೂರ್ವಿಕರ ಊರಾದ ಪಂಜ ಮನೆತನಕ್ಕೆ ಹೆಸರಾಯಿತು. ಅಂದು ಆ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮನೆಯಲ್ಲಿ ಆಡುತ್ತಿದ್ದ ಮಾತು ಕೊಂಕಣಿ. ಮನೆಯ ಹೊಸ್ತಿಲು ದಾಟಿದರೆ ಪೇಟೆಯಲ್ಲೂ ಗದ್ದೆಯಲ್ಲೂ ತುಳು. ಕನ್ನಡ ಅವರಿಗೆ ಸಿಕ್ಕಿದ್ದು ಮುಖ್ಯವಾಗಿ ಶಾಲೆಯ ಮೂಲಕ. ಮುಂದೆ ಕನ್ನಡದ ಮಕ್ಕಳ ಸಾಹಿತ್ಯಕ್ಕೆ ಅಡಿಪಾಯ ಹಾಕಿದವರು ಸ್ವತಃ ಮನೆಮಾತಲ್ಲದ ನುಡಿಯಲ್ಲಿ ಅಕ್ಷರ ಕಲಿತವರು ಎಂಬುದು ಗಮನಿಸತಕ್ಕ ಸಂಗತಿ. ಗೊತ್ತಿಲ್ಲದ ಭಾಷೆಯಲ್ಲಿ ಪಾಠ ಕೇಳುವ ಮಗುವಿನ ಕಷ್ಟ ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಬಡತನದ ನಡುವೆ ಸಂಸಾರದ ಹೊಣೆ ಹೊತ್ತು, ಮಂಗಳೂರಿನಲ್ಲಿ ಓದು ಮುಂದುವರಿಸಿದರು. ಕನ್ನಡ ಪಂಡಿತರಾಗಿ ವೃತ್ತಿ ಆರಂಭಿಸಿದರು. ಮುಂದೆ ರಾಷ್ಟ್ರಕವಿಯಾದ ಮಂಜೇಶ್ವರ ಗೋವಿಂದ ಪೈಗಳು ವಿದ್ಯಾರ್ಥಿದೆಸೆಯಲ್ಲಿ ಪಂಜೆಯವರಿಂದ ಪಾಠ ಹೇಳಿಸಿಕೊಂಡವರು. ಕೆಲಸದಲ್ಲಿದ್ದುಕೊಂಡೇ ಬಿ.ಎ. ಪದವಿ ಪಡೆದ ಪಂಜೆಯವರು ಶಿಕ್ಷಕರಿಗೆಂದೇ ಇದ್ದ ಎಲ್.ಟಿ. ಪದವಿಯನ್ನೂ ಪೂರೈಸಿದರು. ಮೊದಲು ತರಗತಿಯ ಅನುಭವ, ಆಮೇಲೆ ತರಬೇತಿ ಎಂಬ ಈ ಕ್ರಮ ಅವರ ಮಟ್ಟಿಗೆ ಒಳಿತನ್ನೇ ಮಾಡಿತು. ತರಬೇತಿಯಲ್ಲಿ ಕೇಳಿದ ಪ್ರತಿಯೊಂದು ಸೂತ್ರವನ್ನು ಕಂಡ ಮಕ್ಕಳ ಮುಖದೊಂದಿಗೆ ಹೋಲಿಸಿ ನೋಡುವ ಅವಕಾಶ ಅವರಿಗಿತ್ತು.

ಇದೇ ಕಾಲದಲ್ಲಿ ಬೆನಗಲ್ ರಾಮರಾಯರು ಮಂಗಳೂರಿನಿಂದ ಹೊರತರುತ್ತಿದ್ದ ‘ಸುವಾಸಿನಿ’ ಪತ್ರಿಕೆಯಲ್ಲಿ ಪಂಜೆಯವರ ಸಣ್ಣ ಕಥೆಗಳು ಪ್ರಕಟವಾದವು. ‘ಕಮಲಾಪುರದ ಹೊಟ್ಲಿನಲ್ಲಿ’ ಮೊದಲಾದ ಕಥೆಗಳಿಂದಾಗಿ ಹೊಸಗನ್ನಡ ಸಣ್ಣಕಥೆಯ ಆರಂಭಕಾರರ ಸಾಲಿನಲ್ಲಿ ವಿಮರ್ಶಕರು ಅವರ ಹೆಸರನ್ನು ಇರಿಸುತ್ತಾರೆ. ಕವಿಶಿಷ್ಯ, ಹರಟೆಮಲ್ಲ, ರಾ.ಮ.ಪಂ. ಎಂಬ ಹೆಸರುಗಳ ಮರೆಯಲ್ಲಿ ಬರೆಯುವುದು ಅವರ ರೂಢಿ. ಹಿರಿಯ ವಿದ್ವಾಂಸರಾದ ಮೇಲೂ ಕಾವ್ಯನಾಮದಲ್ಲಿ ಶಿಷ್ಯರಾಗಿಯೇ ಉಳಿದರು.

ಇನ್‌ಸ್ಪೆಕ್ಟರರ ಭಯ ನೀಗಿದ ಬಗೆ

ಪಂಜೆಯವರು ಶಾಲಾ ಇನ್‌ಸ್ಪೆಕ್ಟರರಾಗಿ ಹಳ್ಳಿ ಹಳ್ಳಿ ತಿರುಗಿದ ಕಾಲವನ್ನು ಅರಿಯಲು ಅಂದಿನ ವ್ಯವಸ್ಥೆಯನ್ನು ತಿಳಿಯಬೇಕು. ಭಾರತದಲ್ಲಿ ಶಿಕ್ಷಕರ ತರಬೇತಿಗೆ ಸರ್ಕಾರ ಒತ್ತು ಕೊಟ್ಟದ್ದು 1854ರ ವುಡ್ ವರದಿಯ ತರುವಾಯ. ನಾರ್ಮಲ್ ಶಾಲೆಗಳು ಒಂದೊಂದಾಗಿ ತೆರೆದವು. ಆದರೂ ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಅನೇಕರು ಯಾವ ತರಬೇತಿಯನ್ನೂ ಕಾಣದ ಐಗಳು. ಜೊತೆಗೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗೆ ಅನುದಾನ ಕೊಡುವ ಪದ್ಧತಿ ಜಾರಿಯಲ್ಲಿತ್ತು. ಇನ್‌ಸ್ಪೆಕ್ಟರರು ಬಂದ ದಿನ ಮಗು ತಪ್ಪು ಹೇಳಿದರೆ ಉಪಾಧ್ಯಾಯರ ಅನ್ನಕ್ಕೇ ಕುತ್ತು. ಆದ್ದರಿಂದ ಬಾಯಿಪಾಠವೇ ಪಾಠವಾಯಿತು, ಬೆತ್ತವೇ ಬೋಧನ ವಿಧಾನವಾಯಿತು. ಅನುದಾನದ ಆ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊನೆಗೊಂಡರೂ ಅದು ಬಿತ್ತಿದ ಭಯ ಬೇಗ ಹೋಗಲಿಲ್ಲ.

ಇಂತಹ ಶಾಲೆಗಳಿಗೆ ಪಂಜೆಯವರು ಹೋದಾಗ ತನಿಖೆಯ ರೀತಿಯೇ ಬದಲಾಯಿತು. ಮಕ್ಕಳ ನಡುವೆ ಕುಳಿತು ಕಥೆ ಹೇಳುವುದು, ಹಾಡಿ ಕುಣಿಸುವುದು, ಪಾಠ ಮಾಡಬೇಕಾದ ಬಗೆಯನ್ನು ತಾವೇ ಮಾಡಿ ತೋರಿಸುವುದು ಅವರ ವಾಡಿಕೆ. ಉಪಾಧ್ಯಾಯರ ತಪ್ಪನ್ನು ಮಕ್ಕಳ ಎದುರಿಗೆ ಎತ್ತಿ ಆಡುವ ಬದಲು ಸರಿಯಾದ ಪಾಠ ಕಣ್ಣಿಗೆ ಕಾಣುವಂತೆ ಮಾಡುವುದು ಇದರ ಫಲ. ತರಬೇತಿ ಕೇಂದ್ರಕ್ಕೆ ಹೋಗಲಾಗದ ಹಳ್ಳಿ ಮೇಷ್ಟರಿಗೆ ತರಬೇತಿಯೇ ಶಾಲೆಯ ಬಾಗಿಲಿಗೆ ಬಂದಂತಾಯಿತು.

ಈ ತಿರುಗಾಟ ಅವರಿಗೂ ಬಹಳ ಕಲಿಸಿತು. ಊರ ಹಿರಿಯರಿಂದ ಕೇಳಿದ ಕಥೆಗಳು, ತುಳು ಪಾಡ್ದನಗಳು ಅವರ ಜೋಳಿಗೆ ಸೇರಿದವು. ‘ಕೋಟಿ ಚೆನ್ನಯ’ ಆ ಪಾಡ್ದನದ ನೆಲದಿಂದಲೇ ಮೂಡಿದ ಕೃತಿ. ‘ಸಿಗಡಿ ಯಾಕೆ ಒಣಗಲಿಲ್ಲ?’, ‘ಹೇನು ಸತ್ತು ಕಾಗೆ ಬಡವಾಯಿತು’ ಮುಂತಾದವು ಒಂದು ಘಟನೆಗೆ ಇನ್ನೊಂದು ಕೊಂಡಿಯಾಗಿ ಸಾಗುವ ಸರಪಳಿ ಕಥೆಗಳು. ಓದಲು ಬಾರದ ಮಗುವೂ ಇಂತಹ ಕಥೆಯ ಮುಂದಿನ ಕೊಂಡಿಯನ್ನು ತಾನೇ ಊಹಿಸಬಲ್ಲದು, ಕೇಳಿದ್ದನ್ನು ಕ್ರಮವಾಗಿ ಮರಳಿ ಹೇಳಬಲ್ಲದು. ಕಾರಣವೇನು, ಪರಿಣಾಮವೇನು ಎಂದು ಕೇಳುವ ಅಭ್ಯಾಸ ಬೆತ್ತದ ನೆರವಿಲ್ಲದೆ ಬೆಳೆಯುತ್ತದೆ. ‘ಒಡ್ಡನ ಓಟ’, ‘ಇಲಿಗಳ ಥಕಥೈ’ ಕಥೆಗಳಲ್ಲಿಯೂ ಶಬ್ದ ಮತ್ತು ಚಲನೆಗಳಿಗೆ ಅಂಥದೇ ಪ್ರಾಧಾನ್ಯ.

ತರಬೇತಿ ಶಾಲೆಯಲ್ಲಿ

ಬಳಿಕ ಪಂಜೆಯವರು ಮಂಗಳೂರಿನ ಶಿಕ್ಷಕರ ತರಬೇತಿ ಶಾಲೆಯ ಮುಖ್ಯೋಪಾಧ್ಯಾಯರಾದರು. ಅಂದಿನ ತರಬೇತಿ ಶಾಲೆಗಳಿಗೆ ಒಂದು ನಿಶ್ಚಿತ ಚೌಕಟ್ಟಿತ್ತು. ವಿಷಯಜ್ಞಾನ, ಬೋಧನ ಕ್ರಮ, ಶಾಲಾ ಆಡಳಿತ ಇವು ಪಾಠಗಳು. ಅಭ್ಯಾಸಕ್ಕೆಂದು ಒಂದು ಶಾಲೆ. ಅಲ್ಲಿ ತರಬೇತಿ ಪಡೆಯುವವರು ಸಹಪಾಠಿಗಳ ಹಾಗೂ ಗುರುಗಳ ಸಮ್ಮುಖದಲ್ಲಿ ಪಾಠ ಮಾಡಿ, ಆಮೇಲೆ ಅವರ ವಿಮರ್ಶೆಯನ್ನು ಕೇಳಬೇಕು. ಈ ಚೌಕಟ್ಟಿಗೆ ಒಂದು ಅಪಾಯ ಅಂದೂ ಇತ್ತು, ಇಂದೂ ಇದೆ. ಪಾಠ ಮಾಡುವವರ ಕಣ್ಣು ಹಿಂದೆ ಕುಳಿತ ಪರೀಕ್ಷಕರ ಮೇಲಿರುತ್ತದೆ. ಮುಂದೆ ಕುಳಿತ ಮಗು ಮರೆತುಹೋಗುತ್ತದೆ.

ಇನ್ನೊಂದು ಕೊರತೆ ಇನ್ನೂ ಸರಳವಾದದ್ದು. ಚಿಕ್ಕ ಮಕ್ಕಳಿಗೆ ಹಾಡು ಹೇಳಿಕೊಡಿ, ಕಥೆ ಹೇಳಿ ಎಂದು ಹೊಸ ಶಿಕ್ಷಣ ಶಾಸ್ತ್ರ ಬೋಧಿಸುತ್ತಿತ್ತು. ಯಾವ ಹಾಡು, ಯಾವ ಕಥೆ? ಕನ್ನಡದಲ್ಲಿ ಆರು ವರ್ಷದ ಮಗುವಿನ ನಾಲಗೆಗೆ ಹೊಂದುವ ಮುದ್ರಿತ ಸಾಹಿತ್ಯ ಆಗ ಅತ್ಯಲ್ಪ. ವಿಧಾನವನ್ನು ಕಲಿಸಿ ಸಾಮಗ್ರಿ ಕೊಡದಿದ್ದರೆ ಶಿಕ್ಷಕ ಮರುದಿನವೇ ಬಾಯಿಪಾಠಕ್ಕೆ ಮರಳುತ್ತಾನೆ. ಪಂಜೆಯವರ ಸಾಹಿತ್ಯ ಕಾರ್ಯವನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ ಅದರ ಅರ್ಥ ಬೇರೆಯಾಗುತ್ತದೆ. ಅವರು ಶಾಲೆಗಳಿಗೆ ಕನ್ನಡ ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದರು, ವಿದ್ಯಾರ್ಥಿಗಳಿಗೆಂದು ವ್ಯಾಕರಣ ಬರೆದರು, ಗೆಳೆಯರೊಡನೆ ಬಾಲಸಾಹಿತ್ಯ ಮಂಡಲದ ಮೂಲಕ ಮಕ್ಕಳ ಪುಸ್ತಕಗಳ ಪ್ರಕಟಣೆಗೆ ದುಡಿದರು. ‘ನಾಗರ ಹಾವೆ’ಯಲ್ಲಿ ಹಾವಿನೊಂದಿಗೇ ಮಾತು ನಡೆಯುತ್ತದೆ. ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ಸದ್ದು ಕಿವಿಗೆ ಕೇಳುತ್ತದೆ. ಕೈಕಾಲು ಆಡಿಸುತ್ತ ಹಾಡಬಹುದಾದ ಇಂತಹ ಪದ್ಯಗಳು ತರಗತಿಗೆ ಹೊರಟ ಶಿಕ್ಷಕನ ಕೈಗೆ ಸಿಕ್ಕ ಬುತ್ತಿಯಾದವು.

ಇಂತಹ ಪದ್ಯ ಬರೆದವರು ಹಳಗನ್ನಡ ವ್ಯಾಕರಣದಲ್ಲೂ ನುರಿತ ವಿದ್ವಾಂಸರು. ಕಿಟೆಲ್ ಸಂಪಾದಿಸಿದ್ದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿ ಹೊರತಂದವರು ಅವರೇ. ಚಿಕ್ಕವರಿಗೆ ಪಾಠ ಹೇಳಲು ಚಿಕ್ಕ ವಿದ್ಯೆ ಸಾಕು ಎಂಬ ನಂಬಿಕೆಗೆ ಅವರ ಬದುಕೇ ಉತ್ತರ. ಮಗುವಿಗೆ ಒಂದು ಸರಳ ಪದವನ್ನು ಆರಿಸಲು ಭಾಷೆಯ ಆಳ ತಿಳಿದಿರಬೇಕು.

ಕೊಡಗಿನ ದಿನಗಳು

ಇಪ್ಪತ್ತರ ದಶಕದ ಆರಂಭದಲ್ಲಿ ಪಂಜೆಯವರ ಕಾರ್ಯಕ್ಷೇತ್ರ ಕೊಡಗಿಗೆ ಬದಲಾಯಿತು. ಶಿಕ್ಷಣ ಇಲಾಖೆಯ ಕೆಲಸದ ಜೊತೆಗೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. ಕೊಡಗು ಆಗ ಚೀಫ್ ಕಮಿಷನರರ ಆಡಳಿತದ ಪ್ರತ್ಯೇಕ ಪ್ರಾಂತ್ಯ. ಅದಕ್ಕೆ ತಾಗಿಕೊಂಡಿದ್ದ ಹಾಸನ ಜಿಲ್ಲೆ ಮೈಸೂರು ಸಂಸ್ಥಾನದಲ್ಲಿತ್ತು. ಕನ್ನಡದ ಮಕ್ಕಳು ಬೇರೆ ಬೇರೆ ಆಡಳಿತಗಳ ಅಡಿ ಬೇರೆ ಬೇರೆ ಪುಸ್ತಕ ಓದುತ್ತಿದ್ದ ಕಾಲವದು.

ಕೊಡಗಿನಲ್ಲಿ ಮಕ್ಕಳ ಮನೆಮಾತು ಕೊಡವ ತಕ್ಕ್, ಶಾಲೆಯ ಮಾತು ಕನ್ನಡ. ಬಂಟ್ವಾಳದ ಬಾಲಕನಾಗಿ ಕಂಡ ಅದೇ ಅಂತರವನ್ನು ಪಂಜೆಯವರು ಇಲ್ಲಿ ಮತ್ತೆ ಕಂಡರು. ಹೊರಗಿನಿಂದ ಬಂದ ಅಧಿಕಾರಿಯಾಗಿ ಉಳಿಯದೆ ಆ ನಾಡಿನ ಬೆಟ್ಟ, ಹಬ್ಬ, ವೀರರ ನೆನಪುಗಳನ್ನು ಅರಿತು ‘ಹುತ್ತರಿ ಹಾಡು’ ರಚಿಸಿದರು. ಇಂದಿಗೂ ಕೊಡಗಿನ ಸಭೆ ಸಮಾರಂಭಗಳಲ್ಲಿ ಆ ಹಾಡು ಕೇಳಿಬರುತ್ತದೆ. ಮಕ್ಕಳ ಊರನ್ನು ಬಲ್ಲವನೇ ಮಕ್ಕಳ ಶಿಕ್ಷಕ ಎಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಿವೃತ್ತಿಯ ನಂತರ, 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರಿಗೆ ಸಂದಿತು. 1937ರ ಅಕ್ಟೋಬರ್ 25ರಂದು ಹೈದರಾಬಾದಿನಲ್ಲಿ ಅವರು ನಿಧನರಾದರು. ಕರ್ನಾಟಕದ ಏಕೀಕರಣವಾದದ್ದು ಅದಾಗಿ 19 ವರ್ಷಗಳಿಗೆ, 1956ರಲ್ಲಿ. ಕರಾವಳಿಯ ಆ ಪದ್ಯಗಳನ್ನು ಬಯಲುಸೀಮೆಯ ಮಕ್ಕಳೂ ತಮ್ಮವೆಂದೇ ಹಾಡುತ್ತ ಬಂದಿದ್ದಾರೆ.

ಇಂದಿನ ತರಬೇತಿಯ ಮುಂದೆ

ಪಂಜೆಯವರ ಕಾಲಕ್ಕೆ ಹೋಲಿಸಿದರೆ ಇಂದಿನ ವ್ಯವಸ್ಥೆ ಬಹಳ ವಿಸ್ತಾರವಾದದ್ದು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯಂತೆ ಬಿ.ಇಡಿ. ಎರಡು ವರ್ಷಗಳ ಕೋರ್ಸ್ ಆಯಿತು, ಅದರಲ್ಲಿ 16 ವಾರಗಳ ಶಾಲಾ ಇಂಟರ್ನ್‌ಶಿಪ್ ಕಡ್ಡಾಯವಾಯಿತು. ಒಂದು ಕಾಲದ ಟಿ.ಸಿ.ಎಚ್. ಇಂದು ಡಿ.ಇಎಲ್.ಇಡಿ. ಆಗಿದೆ. ಶಿಕ್ಷಕರ ಅರ್ಹತಾ ಪರೀಕ್ಷೆ ಬಂದಿದೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಒಂದರಿಂದ ಐದನೆಯ ತರಗತಿಯ ಶಿಕ್ಷಕರಾಗಲು ಬಿ.ಇಡಿ. ಅರ್ಹತೆಯಲ್ಲ ಎಂದು ತೀರ್ಪು ನೀಡಿತು. ಚಿಕ್ಕ ಮಕ್ಕಳಿಗೆ ಕಲಿಸಲು ಬೇರೆಯದೇ ತರಬೇತಿ ಬೇಕು ಎಂಬುದು ಆ ತೀರ್ಪಿನ ತಿರುಳು. ದೊಡ್ಡ ಪದವಿ ಪಡೆದವರು ಚಿಕ್ಕ ತರಗತಿಗೆ ತಾನಾಗಿಯೇ ಯೋಗ್ಯರಾಗುವುದಿಲ್ಲ ಎಂಬುದನ್ನು ಪಂಜೆಯವರು ಶತಮಾನದ ಹಿಂದೆ ತಮ್ಮ ದುಡಿಮೆಯಲ್ಲೇ ತೋರಿಸಿದ್ದರು.

ಕರ್ನಾಟಕದಲ್ಲಿಯೇ ಇದಕ್ಕೆ ಮತ್ತೊಂದು ಸಾಕ್ಷಿಯಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿ ಹಾಡು, ಕಥೆ, ಚಟುವಟಿಕೆಗಳ ಮೂಲಕ ಬೇರೆ ಬೇರೆ ತರಗತಿಯ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕಲಿಸುತ್ತದೆ. ಅದನ್ನು ರೂಪಿಸುವಲ್ಲಿ ಶಾಲೆಯ ಶಿಕ್ಷಕರೇ ಪಾಲುಗೊಂಡಿದ್ದರು. ಪಂಜೆಯವರು ಒಬ್ಬರೇ ಹೊತ್ತ ಕೆಲಸವನ್ನು ಇಲ್ಲಿ ಒಂದು ಶಿಕ್ಷಕ ಸಮುದಾಯ ಹೊತ್ತಿತು.

ಹೀಗಿದ್ದರೂ ಒಂದು ಕೊರತೆ ಉಳಿದಿದೆ. ಹೊಸ ಶಿಕ್ಷಕರು ಕೆಲಸಕ್ಕೆ ಸೇರಿದ ಮೇಲೆ ಅವರ ತರಗತಿಗೆ ಬಂದು ಕುಳಿತು, ತಾವೂ ಒಂದು ಪಾಠ ಮಾಡಿ ತೋರಿಸುವ ಹಿರಿಯರು ಎಷ್ಟು ಮಂದಿ? ಶಾಲೆಗೆ ಬರುವ ಅಧಿಕಾರಿ ಬಿಸಿಯೂಟದ ಲೆಕ್ಕ, ಹಾಜರಿ, ಕಡತಗಳನ್ನು ನೋಡಿ ಹೊರಡುವಷ್ಟರಲ್ಲಿ ದಿನ ಮುಗಿದಿರುತ್ತದೆ. ಹದಿನಾರು ವಾರಗಳ ಇಂಟರ್ನ್‌ಶಿಪ್ ಕೂಡ ದಾಖಲೆ ಪುಸ್ತಕ ತುಂಬುವ ಕೆಲಸವಾದರೆ ಅದರಿಂದ ಪ್ರಯೋಜನವಿಲ್ಲ. ಸಕಲೇಶಪುರದ ಕಾಫಿ ತೋಟಗಳ ಕೂಲಿಕಾರರ ಮಕ್ಕಳಿರಲಿ, ಸಾಲಗಾಮೆ ಸುತ್ತಿನ ಒಕ್ಕಲು ಮಕ್ಕಳಿರಲಿ, ಅವರ ಮನೆಯ ಮಾತನ್ನು, ಅವರು ಆಡುವ ಆಟವನ್ನು ತಿಳಿಯಲು ಶಿಕ್ಷಕರಿಗೆ ಬಿಡುವು ಬೇಕು. ಆ ಬಿಡುವನ್ನು ಯಾವ ಪ್ರಮಾಣಪತ್ರವೂ ಒದಗಿಸುವುದಿಲ್ಲ, ಇಲಾಖೆ ಒದಗಿಸಬೇಕು.

ತರಬೇತಿ ಶಾಲೆಯ ಮುಖ್ಯಸ್ಥರಾದ ಮೇಲೂ ಪಂಜೆಯವರು ಮಕ್ಕಳ ಕಥೆಗಳನ್ನು ಕೈಬಿಡಲಿಲ್ಲ. ತರಗತಿಗೆ ಸಿದ್ಧವಾಗುವ ಕೆಲಸ ಶಿಕ್ಷಕರ ಪಾಲಿಗೆ ನಿವೃತ್ತಿಯವರೆಗೂ ಮುಗಿಯದು ಎಂಬುದು ಅವರ ಬದುಕು ಬಿಟ್ಟುಹೋದ ಪಾಠ. ನಮ್ಮ ತರಬೇತಿ ಸಂಸ್ಥೆಗಳು ಅವರ ಹಾಡನ್ನು ಹಾಡಿಸುವ ಜೊತೆಗೆ ಆ ಹಾಡು ಹುಟ್ಟಿದ ಕಾರಣವನ್ನೂ ಬೋಧಿಸಿದರೆ, ನಾಳೆ ಹಳ್ಳಿಯ ಶಾಲೆಗೆ ಹೊರಟ ಹೊಸ ಶಿಕ್ಷಕಿಗೆ ಮೊದಲ ದಿನದ ಅಳುಕು ಅಷ್ಟರಮಟ್ಟಿಗೆ ಕಡಿಮೆಯಾದೀತು.